ನಾಟಿಂಗ್‌ಹ್ಯಾಮಿನ ರಾಕ್ಷಸನು

ಕಳೆದ ಬೇಸಿಗೆಯಲ್ಲಿ ಮೂರು ತಿಂಗಳ ಕಾಲ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದಲ್ಲಿ, ನಮ್ಮ ಮಗನ ಮನೆಯಲ್ಲಿ ವಾಸಮಾಡುವ ಯೋಗವು ನಮಗೊದಗಿತು. ಟ್ರೆಂಟ್ ನದಿಯ ದಡದ ಈ ನಗರವು ಒಂದು ಕಾಲದಲ್ಲಿ ಯಂತ್ರಗಳಿಂದ ಹೆಣೆದ ಕಸೂತಿಜಾಲರಿಗೆ ಲೋಕಪ್ರಸಿದ್ಧವಾಗಿದ್ದಿತು. ಕೋಟೆಯ ಗೋಡೆಯ ಬುಡದಲ್ಲಿ ಬಿಲ್ಲನ್ನೆಳೆದು ನಿಂತಿರುವ ರಾಬಿನ್ ಹುಡ್ಡನ ಕಂಚಿನ ಪ್ರತಿಮೆಯು 1952ರಲ್ಲಿ ಸ್ಥಾಪಿತವಾದುದು. ಆದರೆ ನಮ್ಮನ್ನು ಹೆಚ್ಚು ಬೆರಗುಗೊಳಿಸಿದ್ದು ಊರಿನ ಕೆಳಗಿರುವ ಇನ್ನೊಂದು ಊರು. ಮೆದುವಾದ ಮರಳುಗಲ್ಲಿನಲ್ಲಿ ಮನುಷ್ಯರು ಕೊರೆದ 800ಕ್ಕೂ ಮಿಕ್ಕಿದ ಗುಹೆಗಳು ಇಲ್ಲಿರುವುವು. ಅವುಗಳಲ್ಲಿ ಹಿಂದೆ ಚರ್ಮ ಹದಮಾಡಿದರು, ಮದ್ಯದ ಪೀಪಾಯಿಗಳನ್ನಿರಿಸಿದರು. ಎರಡನೆಯ ಮಹಾಯುದ್ಧದಲ್ಲಿ ಬಾಂಬುಗಳಿಗಂಜಿ ಅಡಗಿ ಕುಳಿತರು.

ನಮ್ಮ ಮೊಮ್ಮಗನಿಗೆ ಹನ್ನೊಂದು ವರ್ಷ. ಕನ್ನಡ ಕೇಳಿದರೆ ತಿಳಿಯುತ್ತದೆ, ನುಡಿಯಲು ಸಂಕೋಚ. ನಾವು ಹೋದ ಎರಡನೆಯ ದಿನವೇ ಅವನು ದೊಡ್ಡದೊಂದು ಪೆಟ್ಟಿಗೆಯನ್ನು ತಂದು ನಮ್ಮೆದುರಿಗೆ ಬಿಚ್ಚಿದನು. ಅದು 'ಹೀರೋಕ್ವೆಸ್ಟ್' ಎಂಬ ಹಲಗೆಯಾಟ. 1989ರಲ್ಲಿ ಮೊದಲು ಹೊರಬಂದು, 2021ರಲ್ಲಿ ಹೊಸದಾಗಿ ಮರಳಿ ಬಂದಿದೆ. ನಾಲ್ವರು ವೀರರು ಪಾತಾಳದಂಥ ಮಾಳಿಗೆಗಳನ್ನು ಹೊಗುವರು. ಇನ್ನೊಬ್ಬ ಆಟಗಾರನು ಅಲ್ಲಿಯ ರಾಕ್ಷಸ, ಪ್ರೇತಗಳನ್ನೆಲ್ಲ ನಡೆಸುವನು. ಬೆರಳುದ್ದದ ಪ್ಲಾಸ್ಟಿಕ್ ಬೊಂಬೆಗಳಿಗೆ ಬಣ್ಣವಿರಲಿಲ್ಲ. ಅದನ್ನು ತಾನೇ ಹಚ್ಚಬೇಕೆಂದು ಅವನ ಹಂಬಲ. ಬೆಲೆಯನ್ನು ಕೇಳಿದ ನಾವು, "ಇಷ್ಟು ಹಣಕ್ಕೆ ಎಷ್ಟು ಪುಸ್ತಕಗಳು ಬರುತ್ತಿದ್ದುವು!" ಎಂದುಬಿಟ್ಟೆವು. ಮೂವತ್ತೈದು ವರ್ಷ ತರಗತಿಯಲ್ಲಿ ಪಳಗಿದ ನಾಲಿಗೆಯದು. ಹುಡುಗನು ಮಾತಿಲ್ಲದೆ ಪೆಟ್ಟಿಗೆಯನ್ನು ಮುಚ್ಚಿ ಕೊಂಡೊಯ್ದನು. ಮುಂದೆ ಎರಡು ವಾರ ಅದು ನಮ್ಮ ಕಣ್ಣಿಗೆ ಬೀಳಲಿಲ್ಲ. ಹುಡುಗನೂ ಊಟದ ಹೊತ್ತಿಗಲ್ಲದೆ ಕಾಣಸಿಗಲಿಲ್ಲ.

ಒಂದು ಶನಿವಾರ ಮಗನು ನಮ್ಮಿಬ್ಬರನ್ನೂ ಊರಿನ ಲೆಂಟನ್ ಎಂಬ ಭಾಗಕ್ಕೆ ಕರೆದೊಯ್ದನು. 1975ರಲ್ಲಿ ಲಂಡನ್ನಿನಲ್ಲಿ ಆರಂಭವಾದ 'ಗೇಮ್ಸ್ ವರ್ಕ್‌ಷಾಪ್' ಎಂಬ ಸಂಸ್ಥೆಯ ಮುಖ್ಯ ಕಚೇರಿ ಈಗ ಅಲ್ಲಿದೆ. ಹೀರೋಕ್ವೆಸ್ಟ್ ಆಟವು ಮೊದಲು ಸಿದ್ಧವಾದದ್ದು ಈ ಸಂಸ್ಥೆಯ ಸಹಕಾರದಿಂದಲೇ. ಅಲ್ಲಿಯ ಪ್ರದರ್ಶನಶಾಲೆಯಲ್ಲಿ ಗಾಜಿನ ಹಿಂದೆ ಸೇನೆಗಳಿಗೆ ಸೇನೆಗಳೇ ನಿಂತಿರುವುವು. ಅಂಗುಲವೊಂದರ ಸೈನಿಕನ ಮುಖದಲ್ಲಿ ಕಣ್ಣುಪಾಪೆ, ಕೆನ್ನೆಯ ಗಾಯ, ಕವಚದ ತುಕ್ಕು ಎಲ್ಲವೂ ಉಂಟು. ಪಕ್ಕದ ಆಟದ ಕೋಣೆಯಲ್ಲಿ ಮಕ್ಕಳಿಗಿಂತ ಹಿರಿಯರೇ ಹೆಚ್ಚು. ಗಡ್ಡ ನರೆತವರೂ ಇದ್ದರು. ಮರಳುವಾಗ ನಾವು, "ಮಗು, ನಮಗೂ ಈ ವಿದ್ಯೆಯನ್ನು ಕಲಿಸುವೆಯೋ?" ಎಂದು ಕೇಳಿದೆವು. ಅವನು ನಮ್ಮ ಮುಖವನ್ನು ನೋಡಿ, ಇದು ಪರಿಹಾಸ್ಯವಲ್ಲವೆಂದು ತಿಳಿದ ಮೇಲೆ ತಲೆಯಾಡಿಸಿದನು.

ಅಂದಿನ ಸಂಜೆ ಅಡುಗೆಮನೆಯ ಮೇಜೇ ಪಾಠಶಾಲೆಯಾಯಿತು. ಅವನು ಆರಿಸಿದ್ದು ಕೊಂಬು ರೆಕ್ಕೆಗಳುಳ್ಳ 'ಗಾರ್ಗಾಯ್ಲ್' ಎಂಬ ರಾಕ್ಷಸನನ್ನು. ಯೂರೋಪಿನ ಹಳೆಯ ಚರ್ಚುಗಳ ಮಾಡಿನಿಂದ ಮಳೆನೀರನ್ನುಗುಳುವ ವಿಕಾರಮುಖಗಳಿಗೆ ಈ ಹೆಸರು. ಗಂಟಲು ಎಂಬರ್ಥದ ಫ್ರೆಂಚ್ ಮಾತಿನಿಂದ ಬಂದುದು. ನಮ್ಮ ದೇವಾಲಯಗಳಲ್ಲಿ ಅಭಿಷೇಕದ ನೀರು ಮಕರಮುಖದ ಪ್ರಣಾಲದಿಂದ ಹೊರಬೀಳುವುದನ್ನು ಹೇಳಿದಾಗ ಹುಡುಗನು 'ಮಕರ', 'ಮಕರ' ಎಂದು ಎರಡು ಸಲ ಉಚ್ಚರಿಸಿದನು.

ಮೊದಲು ಬೊಂಬೆಯನ್ನು ಸಾಬೂನುನೀರಿನಲ್ಲಿ ತೊಳೆದು, ಅಚ್ಚಿನ ಗೆರೆಗಳನ್ನು ಚಾಕುವಿನಿಂದ ಹೆರೆಯಬೇಕು. ಬಣ್ಣ ಹಿಡಿಯುವಂತೆ ಕಪ್ಪು ತಳಬಣ್ಣ ಕೊಟ್ಟು ಆರಗೊಡಬೇಕು. ಬಳಿಕ ಮೈಬಣ್ಣ. ನಾವು ದಪ್ಪನಾಗಿ ಬಳಿಯಹೋದಾಗ ಗುರುಗಳು ನಮ್ಮ ಕೈ ಹಿಡಿದರು: "ಅಜ್ಜ, ನೀರು ಹಾಕಿ. ತೆಳ್ಳಗೆ. ಎರಡು ಸಲ." ದಪ್ಪ ಬಣ್ಣವು ಬೊಂಬೆಯ ನವುರಾದ ರೇಖೆಗಳನ್ನು ಹೂಳಿಬಿಡುವುದಂತೆ. ಮರುದಿನ ನೀರಾದ ಕಡುಬಣ್ಣವನ್ನು ಹರಿಯಬಿಟ್ಟೆವು. ಅದು ಸುಕ್ಕುಗಳಲ್ಲಿ ನಿಂತು ತಾನೇ ನೆರಳಾಯಿತು. ಮೂರನೆಯ ದಿನ ತಿಳಿಬಣ್ಣದಲ್ಲದ್ದಿದ ಕುಂಚವನ್ನು ಬಟ್ಟೆಗೆ ಒರೆಸಿ, ಉಳಿದಷ್ಟನ್ನೇ ಉಬ್ಬುಗಳ ಮೇಲೆ ಸವರಿದೆವು. ರೆಕ್ಕೆಯ ಎಲುಬುಗಳು ಬೆಳಕು ಬಿದ್ದಂತೆ ಎದ್ದು ನಿಂತುವು.

ಆಗ ನಮಗೆ ದಕ್ಷಿಣ ಕನ್ನಡದ ನಮ್ಮ ಬಾಲ್ಯದ ಯಕ್ಷಗಾನದ ಚೌಕಿಯು ನೆನಪಾಯಿತು. ಅಕ್ಕಿಹಿಟ್ಟು ಸುಣ್ಣಗಳ ಚಿಟ್ಟಿಯನ್ನು ಮುಖದ ಮೇಲೆ ಒಂದೊಂದಾಗಿ ಇಡುತ್ತ ಬಣ್ಣದ ವೇಷದವರು ಗಂಟೆಗಟ್ಟಲೆ ಕನ್ನಡಿಯ ಮುಂದೆ ಕುಳಿತಿರುತ್ತಿದ್ದರು. ರಾಜನ ವೇಷಕ್ಕಿಂತ ರಾಕ್ಷಸನ ವೇಷಕ್ಕೇ ತಾಳ್ಮೆ ಹೆಚ್ಚು ಬೇಕು. ಭಯಂಕರವಾದುದನ್ನು ಸಾವಧಾನದಿಂದಲೇ ಮಾಡಬೇಕು, ಅವಸರದಿಂದ ಹುಟ್ಟುವುದು ಬರಿಯ ಕುರೂಪ ಎಂಬುದನ್ನು ಹುಡುಗನಿಗೆ ನಮಗೆ ಬಂದ ರೀತಿಯಲ್ಲಿ ಹೇಳಿದೆವು. ಅವನು ಕುಂಚ ಕೆಳಗಿಟ್ಟು ಕೇಳಿದನು.

ನಾಲ್ಕನೆಯ ಸಂಜೆ ಕಣ್ಣುಗಳು ಮಾತ್ರ ಉಳಿದುವು. ವಿಗ್ರಹಕ್ಕೂ ಕಣ್ಣು ತೆರೆಸುವುದು ಕೊನೆಗೇ ಎಂದೆವು. ಬಲಗಣ್ಣನ್ನು ಅವನು ಒಂದೇ ಚುಕ್ಕೆಯಲ್ಲಿ ಮುಗಿಸಿ ಕುಂಚವನ್ನು ನಮಗೆ ಕೊಟ್ಟನು. ಉಸಿರು ಬಿಗಿಹಿಡಿದೆವು, ಆದರೂ ಅರುವತ್ತರ ಕೈ ನಡುಗಿತು, ಚುಕ್ಕೆಯು ಮೂಗಿನತ್ತ ಜಾರಿತು. ನಾಲ್ಕು ದಿನಗಳ ಅವನ ಶ್ರಮವನ್ನು ಕೆಡಿಸಿದೆವೆಂದು ಒರೆಸಲು ಬಟ್ಟೆಯನ್ನು ತೆಗೆದುಕೊಂಡೆವು.

"ಬೇಡ, ಅಜ್ಜ. ಹೀಗೇ ಇರಲಿ. ಈ ಕಣ್ಣಿಗೆ ಕನ್ನಡದಲ್ಲಿ ಏನು ಹೇಳ್ತಾರೆ?"

"ಓರೆಗಣ್ಣು."

ಅಂದಿನಿಂದ ಆ ರಾಕ್ಷಸನಿಗೆ ಓರೆಗಣ್ಣನೆಂದೇ ಹೆಸರು. ಈಗ ಪ್ರತಿ ಭಾನುವಾರ ದೂರವಾಣಿಯಲ್ಲಿ, "ಅಜ್ಜ, ಇವತ್ತು ಓರೆಗಣ್ಣ ಗೆದ್ದ" ಎಂದೋ, "ಸೋತ" ಎಂದೋ ವರದಿಯು ಬರುತ್ತದೆ. ವರದಿಯು ವಾರದಿಂದ ವಾರಕ್ಕೆ ಉದ್ದವಾಗುತ್ತಿದೆ, ಪೂರ್ತಿ ಕನ್ನಡದಲ್ಲಿ. ಮನೆಯ ಮಕ್ಕಳ ಆಟಕ್ಕೆ ಬೆಲೆಕಟ್ಟುವ ಮುನ್ನ ಒಂದು ಸಂಜೆ ಅವರ ಬಳಿಯಲ್ಲಿ ಕುಳಿತು ನೋಡಿರೆಂದು ವಾಚಕರಲ್ಲಿ ನಮ್ಮ ಅರಿಕೆ.