ಬೇಸಗೆಯ ಸಾಲು

ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲನ್ನು ಮಳೆಗಾಲದ ಹಸುರಿನಲ್ಲಿ ಮಾತ್ರ ಕಂಡವರು ಅಲ್ಲಿಯ ಒಕ್ಕಲಿನ ಪರೀಕ್ಷೆಯನ್ನು ಕಾಣರು. ಆ ಪರೀಕ್ಷೆ ನಡೆಯುವುದು ಬೇಸಗೆಯಲ್ಲಿ.

1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಮೊದಲಾಯಿತು. ಮುಂದೆ ಅದರ ನಾಲೆಯು ಹುಲಿಕೆರೆಯ ಸುರಂಗವನ್ನು ಹಾದು ಈ ಬಯಲಿಗಿಳಿಯಿತು. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಸ್ಥಾಪಿತವಾಯಿತು. ರಾಗಿಯ ಹೊಲಗಳೆಷ್ಟೋ ಕಬ್ಬಿನ ಗದ್ದೆಗಳಾದವು. ನೀರು ಬಂದಿತು, ಆದರೆ ಬೇಸಗೆ ಹೋಗಲಿಲ್ಲ. ಮುಂಗಾರು ಕೈಕೊಟ್ಟ 2023ರಲ್ಲಿ ಜಲಾಶಯವು 124.80 ಅಡಿಯ ಪೂರ್ಣಮಟ್ಟವನ್ನು ಮುಟ್ಟಲಿಲ್ಲ. ನಾಲೆಯನ್ನೇ ನೆಚ್ಚಿದ ಒಕ್ಕಲು ಮತ್ತೆ ಬಾನನ್ನು ನೋಡಬೇಕಾಯಿತು.

ಒಣಹವೆಯಲ್ಲಿ ಎಳೆಯ ಕಬ್ಬಿಗೆ ಸುಳಿಕೊರಕ ಹುಳು ಬಲವಾಗಿ ಬೀಳುತ್ತದೆ. ಸುಳಿ ಒಣಗುತ್ತದೆ, ಹಿಡಿದೆಳೆದರೆ ಸಲೀಸಾಗಿ ಕೈಗೆ ಬಂದು ನಾರುತ್ತದೆ. ಆ ಸುಳಿಯೊಡನೆ ಸಾಲ ತಂದು ನೆಟ್ಟ ಹಣವೂ ಹೋದಂತೆಯೇ. ಇತ್ತ ಗರಿಕೆ, ಜೇಕುಗಳು ಅಳಿದುಳಿದ ತೇವವನ್ನು ಬೆಳೆಗಿಂತ ಮೊದಲೇ ಕುಡಿಯುತ್ತವೆ. ಹುಳು, ಕಳೆ, ಒಣಹವೆ ಎಂಬ ಮೂವರು ವೈರಿಗಳೂ ಹೀಗೆ ಜೊತೆಗೂಡಿ ಬರುವರು.

ಆದುದರಿಂದ ಪರಿಹಾರವನ್ನೂ ಒಟ್ಟಾಗಿಯೇ ಎಣಿಸಬೇಕು. ಕೂಳೆ ಬಿಡುವ ಗದ್ದೆಯ ತರಗಿಗೆ ಬೆಂಕಿಯಿಡುವುದು ಸುಲಭ. ಅದನ್ನೇ ಸಾಲುಗಳ ನಡುವೆ ಹಾಸಿದರೆ ತೇವ ನಿಲ್ಲುತ್ತದೆ, ಕಳೆ ತಗ್ಗುತ್ತದೆ, ಹುಳುವಿನ ಹಾವಳಿಯೂ ಇಳಿಯುತ್ತದೆ. ಬುಡಕ್ಕೆ ಮಣ್ಣೇರಿಸುವುದೂ ಅದಕ್ಕೆ ನೆರವು. ಹುಳುವಿನ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಟ್ಟು ಅದನ್ನು ಕೆಡಿಸುವ ಟ್ರೈಕೋಗ್ರಾಮವೆಂಬ ಕಿರುಗಣಜವನ್ನು ಗದ್ದೆಗೆ ಬಿಡುವುದುಂಟು. ಕಂಡಕಂಡಲ್ಲಿ ವಿಷ ಸಿಂಪಡಿಸಿದರೆ ಈ ಗೆಳೆಯನೂ ಉಳಿಯನು.

ರಾಗಿಯ ಕಾಲದ ಹಿರಿಯರು ಕೂರಿಗೆಯಲ್ಲಿ ಸಾಲು ಬಿತ್ತಿ, ಕುಂಟೆ ಹೊಡೆದು, ಅವರೆಯ ಅಕ್ಕಡಿಯಿಟ್ಟು ಬಾಳಿದುದು ಇದೇ ನೀತಿಯಿಂದ: ಇದ್ದ ಹದವನ್ನು ಕಾಯುವುದು. ನಾಲೆಯ ನೀರು ಆ ವಿವೇಕವನ್ನು ಮರೆಯಲು ಕೊಟ್ಟ ಅಪ್ಪಣೆಯಲ್ಲ.