ನುಗ್ಗುವ ಲೆಕ್ಕ

ಬೆಂಗಳೂರಿನಿಂದ ರಜೆಗೆ ಬರುವ ಮಗ ಬಾಯಿ ತುಂಬ ಮಾತಾಡುವುದು ಒಂದೇ ವಿಷಯಕ್ಕೆ: ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಹಿಂಗಾಗಿ ಸುರಪುರದ ನಮ್ಮ ಪಡಸಾಲೆಯಲ್ಲಿ ನಾನೂ ಆಟಕ್ಕೆ ಕೂತೆ. 1974ರಲ್ಲಿ ಅಮೆರಿಕದಲ್ಲಿ ಬಂದ ಆಟ. ಇವನು ಆಡುವುದು 2003ರ ನಿಯಮದಂತೆ.

ನನ್ನ ತಲೆ ತಿಂದದ್ದು ‘ಚಾರ್ಜ್’, ಅಂದರೆ ಓಡಿಹೋಗಿ ವೈರಿಗೆ ಹೊಡೆಯುವುದು. ಒಂದು ಚೌಕ 5 ಅಡಿಗೆ ಸಮ. ಕನಿಷ್ಠ 10 ಅಡಿ ಓಡಬೇಕು, ಮಾಮೂಲಿ ನಡಿಗೆಯ ಎರಡು ಪಟ್ಟು ದೂರದವರೆಗೂ ಹೋಗಬಹುದು. ದಾರಿ ನೆಟ್ಟಗಿರಬೇಕು, ನಡುವೆ ನಮ್ಮವರೇ ನಿಂತಿದ್ದರೂ ಆಗದು. ಹೊಡೆತದ ದಾಳಕ್ಕೆ 2 ಸೇರುತ್ತದೆ. ನಮ್ಮ ಮುಂದಿನ ಸರದಿ ಬರುವ ತನಕ ರಕ್ಷಣೆಯಲ್ಲಿ 2 ಕಳೆಯುತ್ತದೆ.

“ಹುಲಿ-ಕುರಿ ಆಟದಾಗಿನ ಹುಲಿನೂ ಹಂಗೇ ಅಲ್ಲೇನೋ? ನೆಟ್ಟಗೇ ಹಾರ್ತದ, ಕುರಿ ಆಚೆ ಮನಿ ಖಾಲಿ ಇರಬೇಕು” ಅಂದೆ.

“ಹೌದವ್ವ, ಆದ್ರ ಹಾರಿದ್ದಕ್ಕ ಹುಲಿಗೆ ದಂಡ ಇಲ್ಲ.”

ಆ ದಂಡವೇ ನನಗೆ ಹಿಡಿಸಿತು. ನುಗ್ಗುವವನ ಎದೆ ತೆರೆದೇ ಇರುತ್ತದಲ್ಲ!

ಅವತ್ತು ಅವನ ಪಾತ್ರಕ್ಕೆ ಉಳಿದದ್ದು 3 ಅಂಕದ ಪ್ರಾಣ. ನನ್ನ ದಾರಿಗೆ ಅಡ್ಡ ನಿಂತಿದ್ದವನೂ ಅವನೇ.

“ಸರಿಯೋ ಆಚೆ” ಅಂದೆ. ತನ್ನ ಸರದಿಯಲ್ಲಿ ಸರಿದ. ನಾನು ನುಗ್ಗಿದೆ. ಎಲ್ಲ ಕೂಡಿಸಿದರೂ ಒಂದು ಕಡಿಮೆ. ಆ 2 ಸೇರಿದ ಮೇಲೆ ಪೆಟ್ಟು ಬಿತ್ತು.

“ಇನ್ನೊಂದು ಸರದಿ ಹುಷಾರವ್ವ” ಅಂದ.