ಪೊಟ್ಟಣವಾಗದೆ ಉಳಿದ ಹಾಳೆಗಳು

ನಾನು ನಿವೃತ್ತನಾಗಿ ಆರೇಳು ವರ್ಷಗಳು ಕಳೆದಿದ್ದವು. 2012ರ ಮೇ ತಿಂಗಳಲ್ಲಿ ನಾನೂ ನನ್ನ ಪತ್ನಿಯೂ ಜರ್ಮನಿಯ ಮ್ಯೂನಿಕ್ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಅಲ್ಲಿಂದ ಎರಡು ಗಂಟೆಗಳ ರೈಲು ಪ್ರಯಾಣದ ಒಳಗೆ ಗಡಿ ದಾಟಿದರೆ ಆಸ್ಟ್ರಿಯ ದೇಶದ ಸಾಲ್ಜ್‌ಬರ್ಗ್. ಗಡಿಯ ಎರಡೂ ಬದಿಗಳಲ್ಲಿ ಒಂದೇ ಭಾಷೆ ನಿರಾತಂಕವಾಗಿ ನಡೆಯುತ್ತಿದ್ದುದು ಕಾಸರಗೋಡಿನವನಾದ ನನಗೆ ಮೊದಲ ವಿಸ್ಮಯವಾಗಿತ್ತು.

ಆಲ್ಪ್ಸ್ ಪರ್ವತಗಳ ಅಂಚಿನಲ್ಲಿ ಸಾಲ್ಜಾಖ್ ನದಿಯ ಇಕ್ಕೆಲಗಳಲ್ಲಿ ಹರಡಿರುವ ಊರು ಅದು. ವಸಂತದ ಚಿಗುರು ಊರನ್ನೆಲ್ಲ ತುಂಬಿದ್ದರೂ ದೂರದ ಶಿಖರಗಳಲ್ಲಿ ಹಿಮ ಇನ್ನೂ ಕರಗಿರಲಿಲ್ಲ. ಈಸ್ಟರ್ ಕಳೆದು ಏಳು ವಾರಗಳಿಗೆ ಬರುವ ಪೆಂತೆಕೋಸ್ತ್ ಹಬ್ಬದಂದು ಅಲ್ಲಿ ಸಂಗೀತೋತ್ಸವ ಜರಗುತ್ತದೆ. ಹರ್ಬರ್ಟ್ ಫಾನ್ ಕರಾಯನ್ 1973ರಲ್ಲಿ ಆರಂಭಿಸಿದ ಈ ಉತ್ಸವ 1998ರಿಂದ ಬರೋಕ್ ಸಂಗೀತದ, ಎಂದರೆ ಹದಿನೇಳು ಹದಿನೆಂಟನೆಯ ಶತಮಾನಗಳ ಸಂಗೀತದ ಹಬ್ಬವಾಗಿ ಬೆಳೆಯಿತು. ನಾವು ಹೋದ ವರ್ಷವೇ ಗಾಯಕಿ ಚೆಚೀಲಿಯಾ ಬಾರ್ತೊಲಿ ಅದರ ನಿರ್ದೇಶಕಿಯಾಗಿ ಅಧಿಕಾರ ವಹಿಸಿಕೊಂಡಿದ್ದರು.

ಮಗಳು ಹ್ಯಾಂಡಲನ 'ಜೂಲಿಯಸ್ ಸೀಸರ್' ಗೀತನಾಟಕಕ್ಕೆ ಟಿಕೇಟು ತೆಗೆಸಿದ್ದಳು. ಸೀಸರನೆಂದರೆ ಸಿಂಹಧ್ವನಿಯನ್ನು ನಿರೀಕ್ಷಿಸಿದ್ದೆ. ಆ ಪಾತ್ರದ ಆಂಡ್ರಿಯಾಸ್ ಶಾಲ್ ಹಾಡತೊಡಗಿದಾಗ ಕೇಳಿಸಿದ್ದು ಹೆಣ್ಣಿನ ಶ್ರುತಿಯ ಸ್ವರ! ಆ ಕಾಲದಲ್ಲಿ ವೀರನಾಯಕರ ಪಾತ್ರಗಳನ್ನು ಬಹುಮಟ್ಟಿಗೆ ಇಂತಹ ಮೇಲುಶ್ರುತಿಗೇ ರಚಿಸುತ್ತಿದ್ದರಂತೆ. ನನ್ನ ಪತ್ನಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಗಂಡಸರು ಸ್ತ್ರೀವೇಷ ಕಟ್ಟುವುದನ್ನು ಬಾಲ್ಯದಿಂದ ಕಂಡ ನಮಗೆ ಹತ್ತು ನಿಮಿಷಗಳಲ್ಲಿ ಅದು ಸಹಜವೆನಿಸಿತು.

ಗಾಯಕರು ಪ್ರತಿ ಹಾಡಿನ ಮೊದಲ ಭಾಗವನ್ನು ಕೊನೆಯಲ್ಲಿ ಮತ್ತೆ ಎತ್ತಿಕೊಳ್ಳುತ್ತಿದ್ದರು. ಸಾಹಿತ್ಯ ಅದೇ, ಆದರೆ ಈ ಬಾರಿ ಅಲಂಕಾರಗಳು ಗಾಯಕನ ಮನೋಧರ್ಮಕ್ಕೆ ಬಿಟ್ಟವು. ನನ್ನ ತಂದೆಯವರ ನೆನಪಾಯಿತು. ಅವರು ವೃತ್ತಿಯಿಂದ ಕೃಷಿಕರು. ಮಳೆಗಾಲದ ತಾಳಮದ್ದಳೆಗಳಲ್ಲಿ ಭಾಗವತರು. ಪದ್ಯವನ್ನು ಎರಡನೆಯ ಸಲ ಎತ್ತುವಾಗ ಅವರ ಕಂಠದಲ್ಲೂ ಹೀಗೆಯೇ ಹೊಸದೊಂದು ತಿರುವು ಮೂಡುತ್ತಿತ್ತು.

ಈ ಕೃತಿ ಮೊದಲು ರಂಗವೇರಿದ್ದು 1724ರಲ್ಲಿ, ಲಂಡನ್ನಿನಲ್ಲಿ. ಹ್ಯಾಂಡಲನ ಗೀತನಾಟಕಗಳು ಅವನ ಕಾಲಾನಂತರ ರಂಗದಿಂದ ಮರೆಯಾದವು. 1920ರಲ್ಲಿ ಜರ್ಮನಿಯ ಗೋಟಿಂಗೆನ್ ಎಂಬ ವಿದ್ಯಾನಗರದ ಉತ್ಸಾಹಿಗಳು ಅವನ ಇನ್ನೊಂದು ನಾಟಕವನ್ನು, 1922ರಲ್ಲಿ ಈ 'ಸೀಸರ'ನನ್ನು ಮತ್ತೆ ಆಡಿಸಿದರು. ಕಾಗದದಲ್ಲಿ ಉಳಿದಿದ್ದುದು ಹೀಗೆ ಕಂಠಕ್ಕೆ ಮರಳಿತು.

ಮರುದಿನ ಊರಿನ ಮಹಾದೇವಾಲಯಕ್ಕೆ ಹೋದೆವು. 1628ರಲ್ಲಿ ಪ್ರತಿಷ್ಠೆಗೊಂಡ ಕಟ್ಟಡವದು. ಐವತ್ತಮೂರು ಸ್ವರಪಂಕ್ತಿಗಳ ಒಂದು ಭವ್ಯ ಪ್ರಾರ್ಥನಾಸಂಗೀತ ಈ ಊರಿನದೇ ಸೃಷ್ಟಿ. ಅದನ್ನು ಆ ಪ್ರತಿಷ್ಠೆಗಾಗಿಯೇ ರಚಿಸಿದ್ದೆಂದು ಬಹುಕಾಲ ನಂಬಿದ್ದರು. 1682ರ ಸುಮಾರಿಗೆ ಇಲ್ಲಿಯ ಸಂಗೀತಗಾರ ಬೀಬರ್ ರಚಿಸಿರಬೇಕೆಂಬುದು ಈಗಿನ ವಿದ್ವಾಂಸರ ಅಭಿಮತ. 1870ರ ದಶಕದಲ್ಲಿ ಅದರ ಹಸ್ತಪ್ರತಿ ದೊರೆತದ್ದು ಒಬ್ಬ ತರಕಾರಿ ವ್ಯಾಪಾರಿಯ ಬಳಿ. ಆ ಹಾಳೆಗಳು ಇನ್ನೇನು ತರಕಾರಿ ಕಟ್ಟುವ ಪೊಟ್ಟಣಗಳಾಗಲಿದ್ದವೆಂಬುದು ಪ್ರತೀತಿ.

ಮಗಳು ಇದನ್ನು ಹೇಳುತ್ತಿದ್ದಂತೆ ನಾನು ಅಲ್ಲಿಯ ಬೆಂಚಿನಲ್ಲಿ ಕುಳಿತುಬಿಟ್ಟೆ. "ಅಪ್ಪಾ, ಕಾಲು ನೋವಾ?" ಎಂದು ಕೇಳಿದಳು. ಹೌದೆಂದೆ. ಅದು ಸುಳ್ಳು.

ತಂದೆಯವರು ತೀರಿಕೊಂಡ ಮರುವರ್ಷ ಹಳೆಯ ಮನೆಯ ಮಾಡು ಬಿಚ್ಚಿಸಿದಾಗ ಅಟ್ಟದಿಂದ ಎರಡು ಗೋಣಿ ಕಾಗದ ಇಳಿದಿತ್ತು. ಅವರು ಕೈಯಾರೆ ನಕಲು ಮಾಡಿದ್ದ ಪ್ರಸಂಗಗಳು. ಪದ್ಯಗಳ ನೆತ್ತಿಯಲ್ಲಿ ರಾಗತಾಳಗಳು, ಅಂಚಿನಲ್ಲಿ ತಾವು ಕಲಿತ ಹಿರಿಯರ ಮಟ್ಟಿನ ಗುರುತುಗಳು. ಆಗ ನನಗೆ ಶಾಲೆಯ ಪರೀಕ್ಷೆಗಳ ಗಡಿಬಿಡಿ. ಮುದ್ರಿತ ಪುಸ್ತಕಗಳು ದೊರೆಯುತ್ತವಲ್ಲ ಎಂದುಕೊಂಡು ಕೆಲಸದವನ ತಲೆಯ ಮೇಲೆ ಹೊರಿಸಿ ಜೀನಸಿನ ಅಂಗಡಿಗೆ ಕಳುಹಿಸಿದೆ. ಕೆಲವು ವಾರಗಳ ಬಳಿಕ ಬೆಲ್ಲ ಕಟ್ಟಿದ ಕಾಗದವೊಂದರಲ್ಲಿ ತಂದೆಯವರ ಅಕ್ಷರ ನಮ್ಮ ಮನೆಗೇ ಮರಳಿತು. ಕನ್ನಡ ಉಳಿಯಬೇಕೆಂದು ಸಭೆಗಳಲ್ಲಿ ಭಾಷಣ ಮಾಡುತ್ತಿದ್ದ ಅಧ್ಯಾಪಕನು ಮಾಡಿದ ಕೆಲಸವಿದು. ಈ ತನಕ ಯಾರಲ್ಲಿಯೂ ಹೇಳಿರಲಿಲ್ಲ.

ನಮ್ಮ ಭಾಷೆಗಾದ ನಷ್ಟಗಳನ್ನು ಲೆಕ್ಕ ಹಾಕುವಾಗ ನಾವು ಸಾಮಾನ್ಯವಾಗಿ 1956ರಿಂದ ಆರಂಭಿಸುತ್ತೇವೆ. ಅದು ತಪ್ಪಲ್ಲ. ಆದರೆ ಆ ಎರಡು ಗೋಣಿಗಳನ್ನು ಯಾವ ಸರಕಾರವೂ ಒಯ್ದದ್ದಲ್ಲ.

ಬೆಲ್ಲದ ಕಲೆಯುಳ್ಳ ಆ ಒಂದು ಹಾಳೆ ಇಂದಿಗೂ ನನ್ನಲ್ಲಿದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಗನ ಮಗ ಕಳೆದ ರಜೆಯಲ್ಲಿ ಅದನ್ನು ಅಕ್ಷರ ಅಕ್ಷರ ಕೂಡಿಸಿ ಓದಿದ. ಪದ್ಯದ ಮೇಲಿನ 'ಮಧ್ಯಮಾವತಿ' ಎಂಬ ಪದ ಬಂದಾಗ, "ಅಜ್ಜಾ, ಇದನ್ನು ಹೇಗೆ ಹಾಡುವುದು?" ಎಂದು ಕೇಳಿದ. ನನಗೆ ಹಾಡಲು ಬಾರದು. ನೆರೆಯ ಊರಿನ ಭಾಗವತರ ಮನೆಗೆ ಅವನನ್ನು ಕರೆದುಕೊಂಡು ಹೋದೆ.

ಸಹೃದಯ ಸದಸ್ಯರೇ, ಈ ಮಳೆಗಾಲಕ್ಕೆ ಮುನ್ನ ನಿಮ್ಮ ಮನೆಯ ಅಟ್ಟವನ್ನೊಮ್ಮೆ ಹತ್ತಿ ನೋಡಿರಿ.